ತಾತ, ನಿಮ್ಮ ಕೌಂಟಿ ಯಾವುದು?

2025ರ ಅಕ್ಟೋಬರ್ 18, ಶನಿವಾರ

ಡಬ್ಲಿನ್ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ತಕ್ಷಣ ಅಳಿಯಂದಿರು ಎರಡು ಮಾತು ಹೇಳಿದರು. ಒಂದು, ಮಫ್ಲರ್ ತೆಗೆಯಬೇಡಿ. ಎರಡು, "ಮಾವ, ಇಲ್ಲಿ ಯಾರ ಜೊತೆ ಏನು ಬೇಕಾದ್ರೂ ಮಾತಾಡಿ. ಮಳೆ, ಮನೆ ಬಾಡಿಗೆ, ಆಸ್ಪತ್ರೆ ಕ್ಯೂ, ಎಲ್ಲ ಹೇಳ್ತಾರೆ. ವೋಟು ಯಾರಿಗೆ ಅಂತ ಮಾತ್ರ ನೇರವಾಗಿ ಕೇಳಬೇಡಿ."

ನಾನು ಹಾಸನ ಜಿಲ್ಲೆಯವನು. ಅರಸೀಕೆರೆಯಲ್ಲಿ 31 ವರ್ಷ ಹೈಸ್ಕೂಲ್ ಪಿಟಿ ಮೇಷ್ಟ್ರಾಗಿದ್ದೆ. ನಮ್ಮ ಕಡೆ ಒಬ್ಬ ಯಾವ ಟೀ ಅಂಗಡಿಯಲ್ಲಿ ಕೂರುತ್ತಾನೆ ಅಂತ ನೋಡಿದರೆ ಸಾಕು, ಅವನ ವೋಟು ಗೊತ್ತಾಗುತ್ತದೆ. ಕೇಳುವ ಕಷ್ಟವೇ ಇಲ್ಲ. ಇಲ್ಲಿ ಹೇಗೆ ಪತ್ತೆ ಮಾಡುತ್ತಾರೆ ಅನ್ನುವ ಕುತೂಹಲ ಅಲ್ಲೇ ಶುರುವಾಯಿತು.

ಅಳಿಯಂದಿರ ಕಾರು ರಿಪೇರಿಗೆ ಹೋಗಿತ್ತು, ಹಾಗಾಗಿ ಟ್ಯಾಕ್ಸಿ ಹತ್ತಿದೆವು. ದಾರಿಯುದ್ದಕ್ಕೂ ಲೈಟು ಕಂಬಗಳಲ್ಲಿ ಇಬ್ಬರು ಹೆಂಗಸರ ಫೋಟೊ. ಮುಂದಿನ ಶುಕ್ರವಾರ ರಾಷ್ಟ್ರಪತಿ ಚುನಾವಣೆಯಂತೆ. ಒಬ್ಬರು ಕ್ಯಾಥರಿನ್ ಕಾನಲಿ, ಗಾಲ್ವೆಯವರು, ಪಕ್ಷೇತರ. ಇನ್ನೊಬ್ಬರು ಹೆದರ್ ಹಂಫ್ರೀಸ್, ಫಿನೆ ಗೇಲ್ ಪಕ್ಷದವರು, ಹಿಂದೆ ಮಂತ್ರಿಯಾಗಿದ್ದವರು. ಇಲ್ಲಿ ರಾಷ್ಟ್ರಪತಿಯನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರವೆಲ್ಲ ಪ್ರಧಾನಿ ಕೈಯಲ್ಲೇ. ಅವರನ್ನು ಇವರು ಟೀಶಕ್ ಅನ್ನುತ್ತಾರೆ.

ಊರೊಳಗೆ ಬಂದರೆ ರಸ್ತೆ ತುಂಬ ಕೆಂಪು ಮತ್ತು ನೀಲಿ ಜರ್ಸಿ. ಪಕ್ಷದ ಬಣ್ಣ ಅಂದುಕೊಂಡೆ. ಅಲ್ಲ, ರಗ್ಬಿ. ಮನ್‌ಸ್ಟರ್ ಮತ್ತು ಲೆನ್‌ಸ್ಟರ್ ಪ್ರಾಂತ್ಯಗಳ ಪಂದ್ಯ, ಅದೂ ಕ್ರೋಕ್ ಪಾರ್ಕ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ. ಡ್ರೈವರ್ ಮನ್‌ಸ್ಟರ್ ಕಡೆಯ ಲಿಮೆರಿಕ್‌ನವನು. "ಲೆನ್‌ಸ್ಟರ್ ಟೀಮಿನವರೆಲ್ಲ ಫೀಸು ಕಟ್ಟಿ ಓದಿದ ಸ್ಕೂಲಿನ ಹುಡುಗರು. ನಮ್ಮ ಕಡೆ ಹಾಗಲ್ಲ. ಡಾಕ್ಟರೂ ಆಡ್ತಾನೆ, ಬಂದರಿನ ಕೂಲಿಯವನೂ ಆಡ್ತಾನೆ" ಅಂದ. ನಾನು ರಗ್ಬಿ ಬಗ್ಗೆ ಕೇಳಿದ್ದೆ, ಅವನು ಹೇಳಿದ್ದು ಬಡವ ಬಲ್ಲಿದರ ಲೆಕ್ಕ. ಆಮೇಲೆ ನಾವು ಇಂಡಿಯಾದವರು ಅಂತ ತಿಳಿದು ಲಿಯೋ ವರಾಡ್ಕರ್ ಮಾತು ತೆಗೆದ. ಎರಡು ಸಲ ಟೀಶಕ್ ಆಗಿದ್ದ ಅವರ ತಂದೆ ಮಹಾರಾಷ್ಟ್ರದ ಮಾಲವಣ ಕಡೆಯ ವರಾಡ್ ಊರಿನವರು. "ನಿಮ್ಮವರು" ಅಂದ. ಹೊಗಳಿದ್ದೋ ದೂರಿದ್ದೋ ತಿಳಿಯಲಿಲ್ಲ.

ರಾತ್ರಿ ಟಿವಿಯಲ್ಲಿ ನೋಡಿದರೆ ಮನ್‌ಸ್ಟರ್ 31-14ರಲ್ಲಿ ಗೆದ್ದಿತ್ತು. ಟ್ಯಾಕ್ಸಿಯವನು ಎಲ್ಲಿದ್ದಾನೋ, ಖುಷಿಯಾಗಿರುತ್ತಾನೆ ಅಂದುಕೊಂಡು ಮಲಗಿದೆ.

ಅಕ್ಟೋಬರ್ 19, ಭಾನುವಾರ

ಬೆಳಿಗ್ಗೆ ಏಳು ವರ್ಷದ ಮೊಮ್ಮಗ ಎಬ್ಬಿಸಿದ. ಕೈಯಲ್ಲಿ ಒಂದು ಮರದ ಕೋಲು, ತುದಿಯಲ್ಲಿ ಚಪ್ಪಟೆ. ನನ್ನಾಕೆ ನೋಡಿದ್ದೇ, "ರೀ, ಮದುವೆ ಮನೆಯಲ್ಲಿ ಅನ್ನ ಮಗುಚೋ ಹುಟ್ಟು ಥರ ಇದೆ" ಅಂದಳು. ಅದು ಹರ್ಲಿ. ಆಟದ ಹೆಸರು ಹರ್ಲಿಂಗ್.

ಬಡಾವಣೆಯ ಕ್ಲಬ್ಬಿನ ಮೈದಾನಕ್ಕೆ ಹೋದೆವು. ಸಣ್ಣ ಮಳೆ. ನಲವತ್ತು ಐವತ್ತು ಮಕ್ಕಳು ಹೆಲ್ಮೆಟ್ ಹಾಕಿಕೊಂಡು ಚೆಂಡು ಬಡಿಯುತ್ತಿದ್ದವು. 2010ರಿಂದ ಈ ಆಟಕ್ಕೆ ಹೆಲ್ಮೆಟ್ ಕಡ್ಡಾಯ. ಯಾಕೆ ಅಂತ ಎರಡೇ ನಿಮಿಷದಲ್ಲಿ ಅರ್ಥವಾಯಿತು. ನಮ್ಮ ಚಿಣ್ಣಿದಾಂಡು, ಹಾಕಿ, ಜಗಳ ಮೂರನ್ನೂ ಸೇರಿಸಿದರೆ ಹೇಗಿರುತ್ತದೆಯೋ ಹಾಗಿದೆ. ಚೆಂಡಿಗೆ ಸ್ಲಿಟರ್ ಅನ್ನುತ್ತಾರೆ. ಗೋಲಿನೊಳಗೆ ಹೊಡೆದರೆ 3 ಪಾಯಿಂಟು, ಮೇಲಿನ ಅಡ್ಡಪಟ್ಟಿ ದಾಟಿಸಿದರೆ 1. ದೊಡ್ಡವರ ಪಂದ್ಯದಲ್ಲಿ ಒಂದು ಕಡೆ 15 ಜನ. ಚೆಂಡನ್ನು ಕೋಲಿನ ಮೇಲೆ ಕೂರಿಸಿಕೊಂಡು ಓಡುವುದನ್ನು ಮೊಮ್ಮಗ ತೋರಿಸಿದ. ನಾನೂ ಪ್ರಯತ್ನಿಸಿದೆ. ಮೂರು ಹೆಜ್ಜೆಗೆ ಬಿತ್ತು. ಮಕ್ಕಳು ನಕ್ಕವು, ಮೇಷ್ಟ್ರ ಮಾನ ಹೋಯಿತು.

ಅಲ್ಲಿ ಸಿಕ್ಕವರು ಪಕ್ಕದ ಮನೆಯ ಯಜಮಾನರು. ಕಾರ್ಕ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಡಬ್ಲಿನ್‌ಗೆ ಬಂದು ನಲವತ್ತು ವರ್ಷ. ಈಗಲೂ "ನಾನು ಇಲ್ಲಿಯವನಲ್ಲ" ಅಂತಾರೆ. ಪ್ರತಿ ವಾರ ಬಂದು ಕೋನು ಜೋಡಿಸುತ್ತಾರೆ, ಮಕ್ಕಳ ಲೇಸು ಕಟ್ಟುತ್ತಾರೆ. ದುಡ್ಡು ಇಲ್ಲ. ಇಲ್ಲಿ ಯಾರಿಗೂ ದುಡ್ಡಿಲ್ಲ. ಇದನ್ನು ಕೇಳಿ ನನಗೆ ನಂಬಿಕೆಯೇ ಬರಲಿಲ್ಲ. ಫೈನಲ್ಲಿನ ದಿನ 82,300 ಜನ ಹಿಡಿಯುವ ಕ್ರೋಕ್ ಪಾರ್ಕ್ ತುಂಬುತ್ತದೆ. ಆದರೆ ಒಳಗೆ ಆಡುವವರು ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಪಾಠ ಮಾಡಲು, ಹಸು ಕರೆಯಲು, ಪೊಲೀಸ್ ಡ್ಯೂಟಿಗೆ ಹೋಗುತ್ತಾರೆ. 1884ರಲ್ಲಿ ಟಿಪ್ಪರೇರಿಯ ಥರ್ಲಸ್ ಎಂಬ ಊರಿನ ಹೋಟೆಲಿನಲ್ಲಿ ಶುರುವಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ, ಇವತ್ತಿಗೂ ಆಟಗಾರರಿಗೆ ಸಂಬಳ ಕೊಡುವುದಿಲ್ಲ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೆ ಆಡಬೇಕು, ಆ ಕೌಂಟಿಗೆ ಆಡಬೇಕು. ಹರಾಜು ಇಲ್ಲ. ಐಪಿಎಲ್ ನೋಡಿ ಬೆಳೆದ ನನ್ನ ಶಿಷ್ಯರಿಗೆ ಹೇಳಿದರೆ ಮೇಷ್ಟ್ರಿಗೆ ವಯಸ್ಸಾಯಿತು ಅಂತಾರೆ.

ಯಜಮಾನರಿಗೆ ಈ ವರ್ಷ ದೊಡ್ಡ ಗಾಯವಾಗಿದೆ. ಜುಲೈ 20ರ ಹರ್ಲಿಂಗ್ ಫೈನಲ್‌ನಲ್ಲಿ ಕಾರ್ಕ್ ಅರ್ಧ ಆಟಕ್ಕೆ 6 ಪಾಯಿಂಟು ಮುಂದಿತ್ತು. ಉಳಿದರ್ಧದಲ್ಲಿ ಬಂದದ್ದು ಬರೀ 2 ಪಾಯಿಂಟು. ಟಿಪ್ಪರೇರಿ 15 ಪಾಯಿಂಟಿನಿಂದ ಗೆದ್ದಿತು. ಕಾರ್ಕ್ ಕೊನೆಯ ಸಲ ಕಪ್ ಎತ್ತಿದ್ದು 2005ರಲ್ಲಿ. "ಬಿಡುವಿನಲ್ಲಿ ಡ್ರೆಸಿಂಗ್ ರೂಮಿನೊಳಗೆ ಏನಾಯ್ತು, ದೇವರಿಗೇ ಗೊತ್ತು" ಅಂದರು. ಮೂರು ತಿಂಗಳಾದರೂ ಮುಖ ಸಾವಿನ ಮನೆಯವರ ಹಾಗಿತ್ತು.

ರಾಜಕೀಯದ ಕಡೆ ಎಳೆಯೋಣ ಅಂತ ಈಗಿನ ಟೀಶಕ್ ಮೀಹಾಲ್ ಮಾರ್ಟಿನ್ ಹೇಗೆ ಅಂತ ಕೇಳಿದೆ. ಅವರೂ ಕಾರ್ಕ್‌ನವರೇ ಅಲ್ವಾ. ಯಜಮಾನರು ಉತ್ತರ ಕೊಟ್ಟದ್ದು ಜ್ಯಾಕ್ ಲಿಂಚ್ ಬಗ್ಗೆ. ಲಿಂಚ್ 1941ರಿಂದ 1946ರವರೆಗೆ ಸತತ ಆರು ವರ್ಷ ಅಖಿಲ ಐರ್ಲೆಂಡ್ ಪದಕ ಗೆದ್ದ ಕಾರ್ಕ್ ಆಟಗಾರ. ಐದು ಹರ್ಲಿಂಗ್‌ನಲ್ಲಿ, ಒಂದು ಗೇಲಿಕ್ ಫುಟ್ಬಾಲಿನಲ್ಲಿ, ಅಂದರೆ ಕೈಯಲ್ಲೂ ಆಡುವ ಇವರದೇ ಫುಟ್ಬಾಲಿನಲ್ಲಿ. ಆಮೇಲೆ ಎರಡು ಸಲ ಟೀಶಕ್. "ಮೊದಲು ಆರು ಪದಕ ತರಲಿ, ಆಮೇಲೆ ಮಾತಾಡೋಣ." ಅಳಿಯಂದಿರು ನನ್ನ ಕಡೆ ನೋಡಿ ನಕ್ಕರು.

ಮನೆಗೆ ಬರುವಾಗ ಮೊಮ್ಮಗ ಕೇಳಿದ, "ತಾತ, ನಿಮ್ ಕೌಂಟಿ ಯಾವ್ದು?"

"ಹಾಸನ" ಅಂದೆ.

"ಕಲರ್ ಏನು?"

ಯೋಚಿಸಿದೆ. ಹೊಳೆಯಲಿಲ್ಲ. ಹಸಿರು ಅಂತ ಸುಮ್ನೆ ಹೇಳಿದೆ.

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ಸ್ನಾನ ಮುಗಿಸಿ ಮಗಳ ಜೊತೆ ಊರು ನೋಡಲು ಹೊರಟೆವು. ಪಾರ್ಲಿಮೆಂಟಿನ ಕೆಳಮನೆಯ ಹೆಸರು ಡಾಲ್ ಅಂತ ಮಗಳು ಹೇಳಿದರೆ ನನ್ನಾಕೆ, "ಬೇಳೆನಾ?" ಅಂದಳು. ಇರುವುದು ಲೆನ್‌ಸ್ಟರ್ ಹೌಸ್ ಎಂಬ ಹಳೆಯ ಕಟ್ಟಡದಲ್ಲಿ.

ನಾನು ಅಲ್ಲಿ ನೋಡಬೇಕು ಅಂದುಕೊಂಡದ್ದು ಸೈಕಲ್ ಸ್ಟ್ಯಾಂಡ್. 2024ರಲ್ಲಿ ಇಡೀ ದೇಶ ಬಾಯಿಗೆ ಬಂದಂತೆ ಬೈದ ಸೈಕಲ್ ಸ್ಟ್ಯಾಂಡ್ ಅದು. ಪಾರ್ಲಿಮೆಂಟಿನ ಅಂಗಳದಲ್ಲಿ ಸೈಕಲ್ ನಿಲ್ಲಿಸಲು ಕಟ್ಟಿದ ಒಂದು ಚಪ್ಪರಕ್ಕೆ 3,36,000 ಯೂರೊ. ನಮ್ಮ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿಗೂ ಜಾಸ್ತಿ. ಇದನ್ನು ಕೇಳಿದಾಗಲೇ ನನಗೆ ಈ ದೇಶ ಹತ್ತಿರವಾದದ್ದು. ಗೇಟಿನಿಂದ ಇಣುಕಿದೆವು, ಕಾಣಲಿಲ್ಲ. ಪೊಲೀಸಿನವನನ್ನು ಕೇಳಿದರೆ ಅವನು ನಕ್ಕು, "ನೀವು ಮೊದಲನೆಯವರಲ್ಲ" ಅಂದ.

ಜನ ಸಿಟ್ಟಾಗಲು ಕಾರಣ ಬರೀ ಚಪ್ಪರ ಅಲ್ಲ, ಮನೆ. ಡಬ್ಲಿನ್‌ನಲ್ಲಿ ಎರಡು ರೂಮಿನ ಫ್ಲ್ಯಾಟಿಗೆ ತಿಂಗಳಿಗೆ 2,000 ಯೂರೊ ದಾಟಿದೆ. ಸೂರಿಲ್ಲದೆ ಸರ್ಕಾರದ ತಾತ್ಕಾಲಿಕ ವಸತಿಯಲ್ಲಿರುವವರ ಸಂಖ್ಯೆ 15,000 ಮೀರಿದೆ. ಮಗಳ ಆಫೀಸಿನ ಮೂವತ್ತು ದಾಟಿದ ಹುಡುಗರು ಇನ್ನೂ ಅಪ್ಪ ಅಮ್ಮನ ಮನೆಯಲ್ಲೇ ಇದ್ದಾರೆ. ಅವರು ಖುಷಿಯಿಂದ ಇಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಪಕ್ಷಗಳ ಕಥೆಯನ್ನು ಮಗಳು ಟ್ರಾಮಿನಲ್ಲಿ ಹೇಳಿದಳು. ಫಿಯೆನಾ ಫಾಲ್, ಫಿನೆ ಗೇಲ್ ಎರಡೂ ಹುಟ್ಟಿದ್ದು 1922-23ರ ಅಂತರ್ಯುದ್ಧದ ಒಡಕಿನಿಂದ. ಬ್ರಿಟಿಷರ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ನಿನ್ನ ಮುತ್ತಜ್ಜ ಹೂಂ ಅಂದನೋ ಇಲ್ಲ ಅಂದನೋ ಅನ್ನುವುದರ ಮೇಲೆ ಮೊಮ್ಮಕ್ಕಳ ವೋಟು. ನೂರು ವರ್ಷ ಹಾವು ಮುಂಗುಸಿ. 2020ರಲ್ಲಿ ಮೊದಲ ಸಲ ಒಂದೇ ಸರ್ಕಾರದಲ್ಲಿ ಕೂತರು. ಈಗಲೂ ಸರದಿ ಲೆಕ್ಕದಲ್ಲಿ ಕುರ್ಚಿ ಹಂಚಿಕೊಂಡಿದ್ದಾರೆ, 2027ರ ನವೆಂಬರಿನಲ್ಲಿ ಮಾರ್ಟಿನ್ ಇಳಿದು ಸೈಮನ್ ಹ್ಯಾರಿಸ್ ಏರಬೇಕು. ಸರದಿ ಒಪ್ಪಂದ ಕೊನೆ ತನಕ ಉಳಿಯುತ್ತದಾ ಅಂತ ನಾನು ಕೇಳಿದೆ. ಕರ್ನಾಟಕದವನು ಇನ್ನೇನು ಕೇಳಿಯಾನು.

ಸಂಜೆ ಬಾಗಿಲಲ್ಲಿ ದೀಪ ಹಚ್ಚಿದೆವು. ಇಲ್ಲಿ ಲೈಸೆನ್ಸ್ ಇಲ್ಲದೆ ಪಟಾಕಿ ಇಟ್ಟುಕೊಳ್ಳುವುದೇ ಅಪರಾಧ. ಆದರೆ ಹ್ಯಾಲೊವೀನ್ ಹತ್ತಿರ ಬಂದಿತ್ತಲ್ಲ, ಊರ ಹುಡುಗರು ಎಲ್ಲಿಂದಲೋ ತಂದು ಢಂ ಅನ್ನಿಸುತ್ತಿದ್ದರು. ಹಾಗಾಗಿ ನಮಗೆ ಪುಕ್ಕಟೆ ದೀಪಾವಳಿ. ಯಜಮಾನರಿಗೆ ಕಜ್ಜಾಯ ಕೊಟ್ಟು ಬಂದೆ.

ಅಕ್ಟೋಬರ್ 21, ಮಂಗಳವಾರ

ಕ್ರೋಕ್ ಪಾರ್ಕ್. ಒಂದು ಕ್ರೀಡಾಂಗಣ ನೋಡಲು ಹೋಗಿ ಇಷ್ಟು ಹೊತ್ತು ಸುಮ್ಮನೆ ನಿಂತದ್ದು ನಾನು ಇದೇ ಮೊದಲು.

1920ರ ನವೆಂಬರ್ 21, ಭಾನುವಾರ. ಬೆಳಿಗ್ಗೆ ಐರಿಷ್ ಸ್ವಾತಂತ್ರ್ಯ ಹೋರಾಟದ ನಾಯಕ ಮೈಕಲ್ ಕಾಲಿನ್ಸ್ ಕಡೆಯವರು ಬ್ರಿಟಿಷ್ ಗೂಢಚಾರರನ್ನು ಕೊಂದಿದ್ದರು. ಮಧ್ಯಾಹ್ನ ಇಲ್ಲಿ ಡಬ್ಲಿನ್ ಮತ್ತು ಟಿಪ್ಪರೇರಿ ನಡುವೆ ಗೇಲಿಕ್ ಫುಟ್ಬಾಲ್. ಬ್ರಿಟಿಷ್ ಪಡೆ ನುಗ್ಗಿ ಆಟ ನೋಡುತ್ತಿದ್ದವರ ಮೇಲೆ ಗುಂಡು ಹಾರಿಸಿತು. ಸತ್ತವರು 14 ಜನ. ಅದರಲ್ಲಿ 10, 11, 14 ವರ್ಷದ ಮೂವರು ಹುಡುಗರು. ಟಿಪ್ಪರೇರಿಯ ಆಟಗಾರ ಮೈಕಲ್ ಹೋಗನ್ ಮೈದಾನದಲ್ಲೇ ಬಿದ್ದ. ಈಗ ಒಂದು ಸ್ಟ್ಯಾಂಡಿಗೆ ಅವನ ಹೆಸರಿದೆ. ಜಲಿಯನ್‌ವಾಲಾ ಬಾಗ್ ನಡೆದು ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ ಅಂತ ಮನಸ್ಸು ತಾನೇ ಲೆಕ್ಕ ಹಾಕಿತು.

ಇನ್ನೊಂದು ತುದಿಯಲ್ಲಿ ಹಿಲ್ 16 ಎಂಬ ನಿಲ್ಲುವ ಗ್ಯಾಲರಿ. ಬ್ರಿಟಿಷರ ವಿರುದ್ಧ 1916ರಲ್ಲಿ ಎದ್ದ ದಂಗೆಯಲ್ಲಿ ಉರುಳಿದ ಕಟ್ಟಡಗಳ ಮಣ್ಣಿನಿಂದ ಕಟ್ಟಿದ್ದು ಅಂತ ಎಲ್ಲರೂ ನಂಬಿದ್ದಾರೆ. ನಿಜಕ್ಕೂ ಅದು ದಂಗೆಗಿಂತ ಒಂದು ವರ್ಷ ಮೊದಲೇ ಇತ್ತು. ಆಗ ಹೆಸರು ಹಿಲ್ 60. ಇರಲಿ, ನಮ್ಮಲ್ಲೂ ಪ್ರತಿ ಕಲ್ಲಿಗೂ ಒಬ್ಬ ಪಾಂಡವ ಇದ್ದಾನೆ.

ಆಟದ ಮೇಲೆ ಇವರು ಇಷ್ಟೊಂದು ಭಾರ ಹೊರಿಸಿದ್ದು ಇಲ್ಲಿ ಅರ್ಥವಾಯಿತು. ಇಂಗ್ಲೆಂಡಿನ ಆಟಗಳನ್ನು ಆಡಿದರೆ, ಬರೀ ನೋಡಲು ಹೋದರೂ, ಜಿಎಎಯಿಂದ ಹೊರಗೆ. ದೇಶದ ಮೊದಲ ರಾಷ್ಟ್ರಪತಿ ಡಗ್ಲಸ್ ಹೈಡ್ 1938ರಲ್ಲಿ ಸಾಕರ್ ಪಂದ್ಯಕ್ಕೆ ಹೋದರೆಂದು ಅವರ ಗೌರವ ಪೋಷಕ ಸ್ಥಾನವನ್ನೇ ಕಿತ್ತರು! ಆ ನಿಷೇಧ ಹೋದದ್ದು 1971ರಲ್ಲಿ. ಬ್ರಿಟನ್ನಿನ ಕೈಯಲ್ಲೇ ಉಳಿದ ಉತ್ತರ ಐರ್ಲೆಂಡಿನ ಪೊಲೀಸರು, ಬ್ರಿಟಿಷ್ ಸೈನಿಕರು ಸದಸ್ಯರಾಗಬಾರದೆಂಬ ನಿಯಮ ಹೋದದ್ದು 2001ರಲ್ಲಿ. ಈ ಮೈದಾನದ ಬಾಗಿಲು ರಗ್ಬಿ, ಸಾಕರ್‌ಗೆ ತೆರೆಯಲು 2005ರಲ್ಲಿ ಒಪ್ಪಿದರು, ಅದೂ ಆ ಆಟಗಳ ಸ್ವಂತ ಮೈದಾನ ಕೆಡವಿ ಕಟ್ಟುವವರೆಗೆ ಅಂತ. 2007ರ ಫೆಬ್ರುವರಿ 24ರಂದು ಇಂಗ್ಲೆಂಡ್ ರಗ್ಬಿ ಟೀಮು ಇಲ್ಲಿ ನಿಂತಾಗ ಬ್ರಿಟಿಷ್ ರಾಷ್ಟ್ರಗೀತೆ ನುಡಿಸಿದರು. ಏನಾಗುತ್ತದೋ ಅಂತ ಎಲ್ಲರೂ ಉಸಿರು ಹಿಡಿದಿದ್ದರಂತೆ. ಜನ ಗೌರವದಿಂದ ಕೇಳಿಸಿಕೊಂಡರು. ಆಮೇಲೆ 43-13ರಲ್ಲಿ ಬಡಿದು ಕಳಿಸಿದರು. ಈ ಮರ್ಯಾದೆ ನನಗೆ ತುಂಬ ಇಷ್ಟವಾಯಿತು.

ಮ್ಯೂಸಿಯಮ್ಮಿನ ಕಾಫಿ ಅಂಗಡಿಯಲ್ಲಿ ಪಕ್ಕದ ಟೇಬಲ್ಲಿನವರು ಜಿಮ್ ಗ್ಯಾವಿನ್ ಬಗ್ಗೆ ವಾದ ಮಾಡುತ್ತಿದ್ದರು. ಕಿವಿ ಕೊಟ್ಟೆ. ಗ್ಯಾವಿನ್ ಡಬ್ಲಿನ್ ಫುಟ್ಬಾಲ್ ಟೀಮಿನ ಮ್ಯಾನೇಜರ್ ಆಗಿ 2015ರಿಂದ 2019ರವರೆಗೆ ಸತತ ಐದು ಕಪ್ ಗೆಲ್ಲಿಸಿದವರು. ಫುಟ್ಬಾಲಿನ ಹೊಸ ನಿಯಮಗಳನ್ನು ರೂಪಿಸಿದ ಸಮಿತಿಯ ಮುಖ್ಯಸ್ಥರು. ದೂರದಿಂದ ಒದ್ದು ದಾಟಿಸಿದರೆ ಈಗ 2 ಪಾಯಿಂಟು ಸಿಗುವುದು ಅವರ ಸಮಿತಿಯಿಂದ. ಮಾರ್ಟಿನ್ ಅವರೇ ಕರೆತಂದು ಫಿಯೆನಾ ಫಾಲ್ ಅಭ್ಯರ್ಥಿ ಮಾಡಿದರು. ಹಿಂದೆ ಮನೆ ಬಾಡಿಗೆಗೆ ಕೊಟ್ಟಾಗ ಬಾಡಿಗೆದಾರ ಹೆಚ್ಚಾಗಿ ಕಟ್ಟಿದ್ದ 3,300 ಯೂರೊ ಹಿಂದಿರುಗಿಸಿರಲಿಲ್ಲ ಅನ್ನುವ ಸುದ್ದಿ ಹೊರಬಂತು. ಅಕ್ಟೋಬರ್ 5ರಂದು ಕಣದಿಂದ ಹಿಂದೆ ಸರಿದರು. ಅಷ್ಟರಲ್ಲಿ ಪಟ್ಟಿ ಆಖೈರಾಗಿತ್ತು, ಹಾಗಾಗಿ ಬ್ಯಾಲೆಟ್ಟಿನಲ್ಲಿ ಹೆಸರು ಇದ್ದೇ ಇದೆ. "ಪಾಪ, ಮೈದಾನದಲ್ಲಿ ಇದ್ದಿದ್ದರೆ ದೇವರಾಗಿ ಉಳೀತಿದ್ದ" ಅಂದ ಒಬ್ಬ. "ಬಾಡಿಗೆದಾರನಿಗೆ ಪಾಪ ಅನ್ನು" ಅಂದಳು ಎದುರಿಗಿದ್ದ ಹುಡುಗಿ. ಬಾಡಿಗೆ ಮನೆಯವಳೇ ಇರಬೇಕು.

ಆ ರಾತ್ರಿ ಊಟಕ್ಕೆ ಕೂತಾಗ ಮಗಳ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ನಗರದ ಪಶ್ಚಿಮದ ಸಿಟಿವೆಸ್ಟ್‌ನಲ್ಲಿ, ಆಶ್ರಯ ಕೇಳಿ ಬಂದ ಹೊರದೇಶದವರನ್ನು ಇರಿಸಿದ ಹೋಟೆಲಿನ ಹೊರಗೆ ಗಲಭೆ. ಪುಟ್ಟ ಹುಡುಗಿಯೊಬ್ಬಳ ಮೇಲೆ ದೌರ್ಜನ್ಯ ನಡೆಯಿತೆಂಬ ಸುದ್ದಿಯಿಂದ ಹೊತ್ತಿಕೊಂಡಿತ್ತು. ಪೊಲೀಸ್ ವ್ಯಾನಿಗೆ ಬೆಂಕಿ ಇಟ್ಟರು. ಟ್ರಾಮಿನ ಕೆಂಪು ಲೈನಿನಲ್ಲಿ ಯಾರೂ ಬರಬೇಡಿ ಅಂತ ಕನ್ನಡದವರ ಗುಂಪಿನಲ್ಲಿ ಮೆಸೇಜು. ಜುಲೈನಲ್ಲಿ ತಾಲಾ ಬಡಾವಣೆಯಲ್ಲಿ ಭಾರತೀಯನೊಬ್ಬನನ್ನು ಹೊಡೆದು ಬಟ್ಟೆ ಬಿಚ್ಚಿಸಿದ್ದರು. ಆಗ ನಮ್ಮ ರಾಯಭಾರ ಕಚೇರಿ ಹುಷಾರಾಗಿರಿ ಅಂತ ಪ್ರಕಟಣೆ ಹೊರಡಿಸಿತ್ತು. ಮಗಳು ಇದನ್ನೆಲ್ಲ ನಮಗೆ ಫೋನಿನಲ್ಲಿ ಹೇಳಿಯೇ ಇರಲಿಲ್ಲ. ಮೊಮ್ಮಗ ಹರ್ಲಿಯನ್ನು ಹಾಸಿಗೆ ಪಕ್ಕ ಇಟ್ಟುಕೊಂಡು ನಿದ್ದೆ ಹೋಗಿದ್ದ.

ಅಕ್ಟೋಬರ್ 22, ಬುಧವಾರ

ಹ್ಯೂಸ್ಟನ್ ಸ್ಟೇಷನ್ನಿನಿಂದ ಗಾಲ್ವೆಗೆ ರೈಲು, ಎರಡೂವರೆ ಗಂಟೆ ದಾರಿ. ಈ ದೇಶದ ದೊಡ್ಡ ಸ್ಟೇಷನ್ನುಗಳಿಗೆಲ್ಲ 1916ರ ದಂಗೆಗಾಗಿ ಗುಂಡೇಟು ತಿಂದವರ ಹೆಸರು. ಮಗಳು ರಜೆ ಹಾಕಿ ಬಂದಿದ್ದಳು.

ಗಾಲ್ವೆ ಕಾನಲಿಯವರ ಊರು, ಅಂಗಡಿ ಕಿಟಕಿಗಳಲ್ಲೆಲ್ಲ ಅವರ ಫೋಟೊ. 68 ವರ್ಷದ ಆ ಮಹಿಳೆ ಮಕ್ಕಳ ಜೊತೆ ಚೆಂಡನ್ನು ಕಾಲಲ್ಲಿ ಚಿಮ್ಮಿಸುತ್ತಾ ಆಡಿದ ವಿಡಿಯೊ ಊರೆಲ್ಲ ಓಡಾಡಿತ್ತು. ಮೇಷ್ಟ್ರ ಕಣ್ಣಿನಿಂದ ನೋಡಿದೆ. ನಿಜವಾಗಿ ಆಡಿ ಬೆಳೆದ ಕಾಲು, ಫೋಟೊಗೆ ಒದ್ದದ್ದಲ್ಲ. ಅವಧಿ ಮುಗಿಸುತ್ತಿದ್ದ ರಾಷ್ಟ್ರಪತಿ ಮೈಕಲ್ ಡಿ. ಹಿಗಿನ್ಸ್ ಕೂಡ ಗಾಲ್ವೆಯಿಂದ ಗೆದ್ದು ಬಂದವರೇ, ಗಾಲ್ವೆ ಯುನೈಟೆಡ್ ಸಾಕರ್ ಟೀಮಿನ ಅಭಿಮಾನಿ.

ಮಧ್ಯಾಹ್ನ ಮಳೆ ಜೋರಾಯಿತು. ಒಂದು ಸಣ್ಣ ಟೀ ಅಂಗಡಿಗೆ ನುಗ್ಗಿದೆವು. ಐವತ್ತರ ಆಸುಪಾಸಿನ ಒಡತಿ. ಇಂಡಿಯಾದಲ್ಲಿ ಯಾವ ಕಡೆ ಅಂತ ಕೇಳಿದಳು. ಕರ್ನಾಟಕ ಅಂದೆ, ಗೊತ್ತಾಗಲಿಲ್ಲ. ಬೆಂಗಳೂರು ಅಂದೆ, ತಲೆಯಾಡಿಸಿದಳು. ಮಗಳು ಮೆಲ್ಲಗೆ, "ಸವಿತಾ ನಮ್ಮ ರಾಜ್ಯದವರು" ಅಂದಳು.

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

ಬೆಳಗಾವಿಯ ಸವಿತಾ ಹಾಲಪ್ಪನವರ್. ಹಲ್ಲಿನ ಡಾಕ್ಟರ್, 31 ವರ್ಷ. 17 ವಾರದ ಗರ್ಭಿಣಿಯಾಗಿದ್ದಾಗ ನೋವೆಂದು ಈ ಊರಿನ ಆಸ್ಪತ್ರೆಗೆ ಹೋದರು. ಮಗು ಉಳಿಯುವುದಿಲ್ಲ ಅಂತ ಗೊತ್ತಾಗಿತ್ತು. ಗರ್ಭಪಾತ ಮಾಡಿ ಅಂತ ಕೇಳಿಕೊಂಡರು. ಭ್ರೂಣದ ಎದೆಬಡಿತ ಇದ್ದುದರಿಂದ ಆಗಿನ ಕಾನೂನು ಬಿಡುವುದಿಲ್ಲ ಅಂದರು. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ನಾವು ಆ ಅಂಗಡಿಯಲ್ಲಿ ಕೂತ ದಿನದಿಂದ ಆರು ದಿನಕ್ಕೆ ಸರಿಯಾಗಿ 13 ವರ್ಷ. ಇಡೀ ದೇಶದ ಹೆಂಗಸರು ಬೀದಿಗೆ ಬಂದರು. 2018ರ ಮೇ 25ರಂದು ಜನಮತ ನಡೆದು, ಸಂವಿಧಾನದಲ್ಲಿದ್ದ ಆ ಕಟ್ಟಳೆಯನ್ನು ಶೇಕಡ 66ರಷ್ಟು ಜನ ತೆಗೆದುಹಾಕಿದರು.

"ನನ್ನಮ್ಮ ಪ್ರತಿ ಭಾನುವಾರ ಚರ್ಚಿಗೆ ಹೋಗುವವಳು" ಅಂದಳು ಒಡತಿ. "ಅವಳ ವೋಟು ಏನು ಅಂತ ನಾನು ಯಾವತ್ತೂ ಕೇಳಿದವಳಲ್ಲ. ಆವತ್ತು ಮತಗಟ್ಟೆಯಿಂದ ಬಂದು ಅವಳೇ ಹೇಳಿದಳು. ಆ ಹುಡುಗಿಗೆ ಹಾಕಿದೆ ಅಂತ." ಆಕೆ ನಮ್ಮಿಂದ ಟೀ ದುಡ್ಡು ತೆಗೆದುಕೊಳ್ಳಲಿಲ್ಲ. ನನ್ನಾಕೆ ಒತ್ತಾಯ ಮಾಡಿ ಕೊಡಲು ಹೋದಳು, ಮಗಳು ತಡೆದಳು. ರೈಲಿನಲ್ಲಿ ಬರುವಾಗ ಮೂವರೂ ಹೆಚ್ಚು ಮಾತಾಡಲಿಲ್ಲ.

ಅಕ್ಟೋಬರ್ 23, ಗುರುವಾರ

ಉತ್ತರಕ್ಕೆ, ಡೆರಿಗೆ. ಅಳಿಯಂದಿರು ನನ್ನ ಜೊತೆ ಬಂದರು. ಬಸ್ಸಿನಲ್ಲಿ ಹೋಗಲು ನಾಲ್ಕು ಗಂಟೆ, ಬರಲು ನಾಲ್ಕು ಗಂಟೆ. ಮಂಡಿಯನ್ನು ಕೇಳಿ ಹೊರಡಬೇಕಿತ್ತು. ಹೋಗುವವರು ಒಂದು ನೋಡಿಕೊಳ್ಳಿ. ಅದು ಬ್ರಿಟನ್ನಿಗೆ ಸೇರಿದ ನೆಲ, ನಮ್ಮ ವೀಸಾದ ಮೇಲೆ ಬಿಐವಿಎಸ್ ಅನ್ನುವ ಗುರುತು ಇದ್ದರೆ ಮಾತ್ರ ಎರಡೂ ಕಡೆ ಓಡಾಡಬಹುದು.

ಮಧ್ಯದಲ್ಲಿ ಮೊನಹನ್, ಹಂಫ್ರೀಸ್ ಅವರ ಕೌಂಟಿ. ಅವರು ಪ್ರೆಸ್ಬಿಟೇರಿಯನ್, ಅಂದರೆ ಕ್ಯಾಥೊಲಿಕ್ ದೇಶದಲ್ಲಿ ಅಲ್ಪಸಂಖ್ಯಾತ ಪಂಗಡದವರು. ಗಡಿ ಎಲ್ಲಿ ಬಂತು ಅಂತ ಗೊತ್ತೇ ಆಗಲಿಲ್ಲ. ಗೇಟಿಲ್ಲ, ಪೊಲೀಸಿಲ್ಲ. ವೇಗದ ಫಲಕ ಕಿಲೊಮೀಟರಿನಿಂದ ಮೈಲಿಗೆ ತಿರುಗಿತು, ಅಷ್ಟೇ. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದಕ್ಕೆ ಮುಂಚೆ ಇಲ್ಲೆಲ್ಲ ಸೈನಿಕರು, ಮರಳು ಚೀಲಗಳು.

ಡೆರಿಯ ಬಾಗ್‌ಸೈಡ್‌ನಲ್ಲಿ 1972ರ ಜನವರಿ 30ರಂದು ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದರು. 13 ಜನ ಅವತ್ತೇ ಸತ್ತರು, ಇನ್ನೊಬ್ಬರು ಆಮೇಲೆ. ಕ್ರೋಕ್ ಪಾರ್ಕಿನ ಭಾನುವಾರದ ಹಾಗೆ ಇದಕ್ಕೂ ಬ್ಲಡಿ ಸಂಡೇ ಅಂತಲೇ ಹೆಸರು. ಒಂದೇ ದ್ವೀಪಕ್ಕೆ ಇಂಥ ಭಾನುವಾರ ಎರಡು.

ಹತ್ತಿರದಲ್ಲೇ ಬ್ರಾಂಡಿವೆಲ್ ಮೈದಾನ, ಡೆರಿ ಸಿಟಿ ಸಾಕರ್ ಕ್ಲಬ್ಬಿನದು. ಗಲಾಟೆಯ ಕಾಲದಲ್ಲಿ ಬೇರೆ ಟೀಮುಗಳು ಇಲ್ಲಿಗೆ ಬರಲು ಒಪ್ಪಲಿಲ್ಲ. 1972ರಲ್ಲಿ ಕ್ಲಬ್ಬು ಉತ್ತರದ ಲೀಗ್ ಬಿಟ್ಟಿತು. 1985ರಿಂದ ಗಡಿಯಾಚೆಯ ದಕ್ಷಿಣದ ಲೀಗಿನಲ್ಲಿ ಆಡುತ್ತಿದೆ. ಸಾಕರ್‌ಗೆ ದ್ವೀಪದಲ್ಲಿ ಎರಡು ದೇಶ, ಎರಡು ಟೀಮು. ರಗ್ಬಿಗೆ, ಕ್ರಿಕೆಟ್ಟಿಗೆ ಒಂದೇ. ರಗ್ಬಿಯಲ್ಲಿ ಎರಡೂ ಕಡೆಯವರು ಹಾಡಲಿ ಅಂತ 1995ರಲ್ಲಿ ಬೇರೆ ಹಾಡನ್ನೇ ಬರೆಸಿದರು. ಜಿಎಎಗಂತೂ ಗಡಿಯೇ ಇಲ್ಲ, 32 ಕೌಂಟಿಯೂ ಒಂದೇ. 2024ರ ಫುಟ್ಬಾಲ್ ಕಪ್ ಗಡಿಯ ಈಚೆಗಿನ ಆರ್ಮಾಗೆ ಬಂತು.

ಮೈದಾನದ ಹೊರಗೆ ನಾಯಿ ಸುತ್ತಾಡಿಸುತ್ತಿದ್ದ ಒಬ್ಬರನ್ನು ನಾಳೆಯ ಚುನಾವಣೆ ಬಗ್ಗೆ ಕೇಳಿದೆ. ಅವರು ಜೇಬಿನಿಂದ ಐರಿಷ್ ಪಾಸ್‌ಪೋರ್ಟ್ ತೆಗೆದು ತೋರಿಸಿದರು. "ಇದಿದೆ. ವೋಟಿಲ್ಲ." ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಮೇರಿ ಮ್ಯಾಕಲೀಸ್ 14 ವರ್ಷ ರಾಷ್ಟ್ರಪತಿಯಾಗಿದ್ದರು, ಆದರೆ ಬೆಲ್‌ಫಾಸ್ಟ್‌ನಲ್ಲಿ ಇರುವವರು ರಾಷ್ಟ್ರಪತಿಗೆ ವೋಟು ಹಾಕುವಂತಿಲ್ಲ. "ಆಡೋಕೆ ನಾವು ಬೇಕು, ಆರಿಸೋಕೆ ಬೇಡ" ಅಂದರು. ಪಾಸ್‌ಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ನಾಯಿ ಸುತ್ತಾಡಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಟೋಬರ್ 24, ಶುಕ್ರವಾರ

ಮತದಾನ. ಮೊಮ್ಮಗನ ಸ್ಕೂಲೇ ಮತಗಟ್ಟೆ, ಅವನಿಗೆ ರಜೆ. ಯಜಮಾನರ ಜೊತೆ ಗೇಟಿನವರೆಗೆ ನಡೆದು ಹೋದೆ. ಜಾತ್ರೆ ಇಲ್ಲ, ಚೀಟಿ ಬರೆಯುವ ಟೇಬಲ್ಲಿಲ್ಲ, ಬಿರಿಯಾನಿ ವಾಸನೆಯೂ ಇಲ್ಲ. ಕಾಗದದ ಮೇಲೆ ಪೆನ್ಸಿಲ್ಲಿನಿಂದ 1, 2, 3 ಅಂತ ಬರೆಯುತ್ತಾರೆ. ಮೊದಲ ಆಯ್ಕೆಯವನು ಸೋತರೆ ವೋಟು ಎರಡನೆಯವನಿಗೆ ಹೋಗುತ್ತದೆ. ಬೆರಳಿಗೆ ಶಾಯಿ ಹಚ್ಚುವುದಿಲ್ಲವೇ ಅಂತ ಕೇಳಿದೆ. ಇಲ್ಲವಂತೆ. ಭಾರತಕ್ಕೆಲ್ಲ ಆ ಶಾಯಿ ಹೋಗುವುದು ನಮ್ಮ ಮೈಸೂರಿನಿಂದ ಅಂತ ಹೆಮ್ಮೆಯಿಂದ ಹೇಳಿದೆ. ಯಜಮಾನರು, "ಅಳಿಸಿದರೆ ಹೋಗಲ್ವಾ? ನನ್ನ ಹೆಂಡತಿಗೆ ಗೊತ್ತಾಗಿಬಿಡುತ್ತೆ, ನಾನು ಪಬ್ಬಿಗೆ ಹೋಗಿದ್ನೋ ವೋಟಿಗೆ ಹೋಗಿದ್ನೋ ಅಂತ" ಅಂದರು.

ಮಗಳಿಗೆ, ಅಳಿಯಂದಿರಿಗೆ ಈ ಚುನಾವಣೆಯಲ್ಲಿ ವೋಟಿಲ್ಲ, ಪೌರತ್ವ ಇನ್ನೂ ಬಂದಿಲ್ಲ. ಆದರೆ ಸ್ಥಳೀಯ ಚುನಾವಣೆಯಲ್ಲಿ ಇಲ್ಲಿ ವಾಸಿಸುವ ಯಾರು ಬೇಕಾದರೂ ಹಾಕಬಹುದು. 2024ರ ಜೂನ್‌ನಲ್ಲಿ ಇಬ್ಬರೂ ಹಾಕಿದ್ದಾರೆ. ಪರದೇಶದವರಿಗೆ ಪಂಚಾಯ್ತಿ ವೋಟು ಕೊಡುವ ದೇಶ ಅಂತ ತಿಳಿದು, ಮಂಗಳವಾರದ ಬೆಂಕಿ ನೋಡಿದ್ದ ನನಗೆ ಸ್ವಲ್ಪ ಸಮಾಧಾನವಾಯಿತು.

ಸಂಜೆ ಯಜಮಾನರು ಪಬ್ಬಿಗೆ ಕರೆದೊಯ್ದರು. ನಾನು ಕುಡಿಯುವವನಲ್ಲ, ಕಿತ್ತಳೆ ರಸ ಹಿಡಿದು ಕೂತೆ. ಎಲ್ಲರದೂ ಒಂದೇ ಮಾತು, ವೋಟು ಕೆಡಿಸುವುದು. ಬೇಕಾದ ಅಭ್ಯರ್ಥಿ ಇಲ್ಲ ಅಂತ ಕಾಗದದ ಮೇಲೆ ಬೈಗುಳ ಬರೆದು ಬರುತ್ತಾರಂತೆ. ನಿಲ್ಲಬೇಕಾದರೆ 20 ಸಂಸದರು ಅಥವಾ ನಾಲ್ಕು ಕೌಂಟಿ ಮಂಡಳಿಗಳು ಸೂಚಿಸಬೇಕು. ಪಂಜರದೊಳಗೆ ಗುದ್ದಾಡುವ ಕುಸ್ತಿಪಟು ಕಾನರ್ ಮೆಕ್‌ಗ್ರೆಗರ್ ಕೂಡ ನಿಲ್ಲುತ್ತೇನೆ ಅಂದು ಸೆಪ್ಟೆಂಬರಿನಲ್ಲಿ ಹಿಂದೆ ಸರಿದಿದ್ದ. ಆ ಹೆಸರು ಬಂದಾಗ ಯಾರೂ ನಗಲಿಲ್ಲ.

ಮೂಲೆಯಲ್ಲಿದ್ದ ಒಬ್ಬ ಮುದುಕರು ನನ್ನ ಊರು ಕೇಳಿದರು. ಬೆಂಗಳೂರಿನ ಹತ್ತಿರ ಅಂದ ಕೂಡಲೇ ಎದ್ದು ಬಂದು ಕೈ ಹಿಡಿದುಕೊಂಡರು. "ಚಿನ್ನಸ್ವಾಮಿ!" 2011ರ ಮಾರ್ಚ್ 2. ವಿಶ್ವಕಪ್. ಇಂಗ್ಲೆಂಡ್ 327. ಐರ್ಲೆಂಡ್ 111ಕ್ಕೆ 5. ಕೂದಲಿಗೆ ಗುಲಾಬಿ ಬಣ್ಣ ಹಾಕಿಕೊಂಡಿದ್ದ ಕೆವಿನ್ ಓಬ್ರಯನ್ 50 ಚೆಂಡಿನಲ್ಲಿ ನೂರು ಹೊಡೆದ. ಮೂರು ವಿಕೆಟ್ ಉಳಿಸಿಕೊಂಡು ಗೆದ್ದರು. ನಾನು ಆವತ್ತು ಸ್ಟಾಫ್ ರೂಮಿನ ಟಿವಿಯಲ್ಲಿ ನೋಡಿ ಮನೆಗೆ ತಡವಾಗಿ ಹೋಗಿ ಬೈಸಿಕೊಂಡಿದ್ದೆ. ಮುದುಕರು ಪ್ರತಿ ಓವರೂ ಹೇಳಿದರು. ಯಜಮಾನರು ಪಕ್ಕದಲ್ಲಿ ಗೊಣಗಿದರು, "ನಮ್ಮಪ್ಪ ಇದ್ದಿದ್ದರೆ ಇಬ್ಬರನ್ನೂ ಕ್ಲಬ್ಬಿನಿಂದ ಹೊರಗೆ ಹಾಕ್ತಿದ್ದ."

ಅಕ್ಟೋಬರ್ 25, ಶನಿವಾರ

ಬೆಳಿಗ್ಗೆಯೇ ಫಲಿತಾಂಶ ಯಾವ ಕಡೆ ಅಂತ ಗೊತ್ತಾಯಿತು. ಸಂಜೆ ಡಬ್ಲಿನ್ ಕ್ಯಾಸಲ್‌ನಲ್ಲಿ ಘೋಷಣೆ. ಕಾನಲಿಗೆ ಶೇಕಡ 63, ಒಂಬತ್ತು ಲಕ್ಷಕ್ಕೂ ಹೆಚ್ಚು ವೋಟು. ಹಂಫ್ರೀಸ್‌ಗೆ 29. ಕಣದಲ್ಲೇ ಇಲ್ಲದ ಗ್ಯಾವಿನ್‌ಗೂ 7 ಬಂತು, ಒಂದು ಲಕ್ಷದ ಮೇಲೆ. ಕೆಟ್ಟ ವೋಟು ಎರಡು ಲಕ್ಷ ದಾಟಿತು. ವೋಟು ಹಾಕಲು ಬಂದವರೇ ಅರ್ಧಕ್ಕಿಂತ ಕಡಿಮೆ.

ಯಜಮಾನರು ಬೇಲಿಯ ಆಚೆ ಎಲೆ ಗುಡಿಸುತ್ತಿದ್ದರು. ನಾವು ಊರಿಗೆ ಹೊರಡುವ ಮುಂಚೆ ತಡೆಯಲಾರದೆ ಕೇಳಿಯೇಬಿಟ್ಟೆ, ನಿಮ್ಮವರು ಗೆದ್ದರಾ ಅಂತ. ಪೊರಕೆ ನಿಲ್ಲಿಸಿ ಒಂದು ನಿಮಿಷ ಯೋಚಿಸಿದರು. "ಆರು ಪಾಯಿಂಟು ಮುಂದಿದ್ವಿ" ಅಂದರು. "ಆರು!"

ಮೊಮ್ಮಗ ತನ್ನ ಹಳೆಯ ಹರ್ಲಿಯನ್ನು ನನಗೆ ಕೊಟ್ಟ. ಹಿಡಿಗೆ ಹಸಿರು ಟೇಪು ಸುತ್ತಿದ್ದ. "ಹಾಸನ ಕಲರ್" ಅಂದ. ವಿಮಾನದಲ್ಲಿ ಕೈಚೀಲದ ಜೊತೆ ಬಿಡುವುದಿಲ್ಲ ಅಂದರು, ಸೂಟ್‌ಕೇಸಿನಲ್ಲಿ ಅಡ್ಡಡ್ಡ ತುರುಕಿದೆವು.

ಬೆಂಗಳೂರಿನಲ್ಲಿ ಕಸ್ಟಮ್ಸ್ ಹುಡುಗ ಸೂಟ್‌ಕೇಸ್ ತೆಗೆಸಿದ. ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, "ಏನ್ ಸಾರ್ ಇದು, ಅಡಿಗೆ ಕಾಂಟ್ರಾಕ್ಟಾ?" ಅಂದ. ನನ್ನಾಕೆ ನನ್ನ ಕಡೆ ನೋಡಿದಳು. ಆಟದ್ದಪ್ಪ, ಐರ್ಲೆಂಡಿಂದ ಅಂದೆ.

"ಐರ್ಲೆಂಡಾ? ನಮ್ ಚಿನ್ನಸ್ವಾಮೀಲಿ ಇಂಗ್ಲೆಂಡ್‌ಗೆ ಹೊಡೆದ್ರಲ್ಲ, ಅವ್ರಾ? ಹೋಗಿ ಸಾರ್."